ನಾನ್ನೂರು ಕಾದಂಬರಿಗಳ ಲೇಖಕ ಕಟ್ಟಿದ ಹಿಮಲೋಕ: ಜಿ.-ಜೆ. ಆರ್ನೋ

ಪ್ರಶ್ನೆ: ಹಿಮಗಟ್ಟಿದ ಭೂಮಿಯ ಮೇಲೆ ಎಲ್ಲಿಯೂ ನಿಲ್ಲದೆ ಓಡುವ ರೈಲಿನ ಕಥೆಯುಳ್ಳ ಸಿನಿಮಾವೊಂದನ್ನು ಈಚೆಗೆ ನೋಡಿದೆ. ಇದೇ ವಸ್ತುವನ್ನು ಇಟ್ಟುಕೊಂಡು ಫ್ರೆಂಚ್ ಲೇಖಕರೊಬ್ಬರು ಬಹಳ ಹಿಂದೆಯೇ ನೂರರ ಹತ್ತಿರ ಕಾದಂಬರಿಗಳನ್ನು ಬರೆದಿದ್ದಾರೆಂದೂ, ಅವರ ಒಟ್ಟು ಕಾದಂಬರಿಗಳು ನಾನ್ನೂರನ್ನು ದಾಟುತ್ತವೆಂದೂ ಗೆಳೆಯರೊಬ್ಬರು ಹೇಳಿದರು. ಅವರು ಯಾರು? ಸಿನಿಮಾದವರು ಅವರ ಕಥೆಯನ್ನು ಕದ್ದರೇ? ನಮ್ಮಲ್ಲಿಯೂ ಪತ್ತೇದಾರಿ ಕಾದಂಬರಿಗಳನ್ನು ನೂರಾರು ಬರೆದವರಿದ್ದಾರೆ. ಆದರೆ ಅಷ್ಟು ಬರೆದವರನ್ನು ವಿಮರ್ಶಕರು ಗಂಭೀರವಾಗಿ ಓದಿದ್ದು ಕಡಿಮೆ. ಇವರನ್ನು ಓದಬೇಕಾದ ಕಾರಣವೇನಾದರೂ ಇದೆಯೇ? ಇದ್ದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಗೆಳೆಯರು ಹೇಳಿದ ಲೇಖಕರ ಹೆಸರು ಜಾರ್ಜ್-ಜಾಂ ಆರ್ನೋ. ಅವರು 1928ರಲ್ಲಿ ದಕ್ಷಿಣ ಫ್ರಾನ್ಸಿನ ಗಾರ್ ಪ್ರಾಂತದ ಸಾಂ-ಜಿಲ್ ಎಂಬ ಊರಿನಲ್ಲಿ ಹುಟ್ಟಿದರು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪತ್ತೇದಾರಿ, ಗೂಢಚಾರಿಕೆ, ಶೃಂಗಾರ, ಮನೋವೈಜ್ಞಾನಿಕ ರೋಚಕ ಕಥೆ, ವೈಜ್ಞಾನಿಕ ಕಾದಂಬರಿ, ಕೊನೆಗೆ ಗ್ರಾಮೀಣ ಬದುಕಿನ ಕಥೆ ಎಲ್ಲವನ್ನೂ ಸೇರಿಸಿದರೆ ಅವರ ಕೃತಿಗಳು ನಾನ್ನೂರನ್ನು ದಾಟುವುದು ನಿಜ. ‘ಲ ಕೊಂಪಾನ್ಯಿ ದೆ ಗ್ಲಾಸ್’, ಅಂದರೆ ‘ಹಿಮದ ಕಂಪನಿ’, ಎಂಬ ಅವರ ಸರಣಿಯೊಂದೇ ಉಪಸರಣಿಗಳನ್ನು ಕೂಡಿಸಿಕೊಂಡು ನೂರರ ಸಮೀಪ ಬರುತ್ತದೆ.

ಕಳ್ಳತನದ ಸಂಶಯವನ್ನು ಮೊದಲು ತೀರಿಸಿಬಿಡುತ್ತೇನೆ. ನೀವು ನೋಡಿರುವುದು ಕೊರಿಯಾದ ಬಾಂಗ್ ಜೂನ್-ಹೋ 2013ರಲ್ಲಿ ತೆರೆಗೆ ತಂದ ಚಿತ್ರವಾಗಿದ್ದರೆ, ಅದಕ್ಕೆ ಮೂಲ ‘ಲ ಟ್ರಾನ್ಸ್‌ಪೆರ್ಸ್‌ನೇಜ್’ ಎಂಬ ಫ್ರೆಂಚ್ ಚಿತ್ರಕಥಾ (ಕಾಮಿಕ್ಸ್) ಪುಸ್ತಕ. ಅದರ ಕಥೆಯನ್ನು ಬರೆದವರು ಜಾಕ್ ಲೋಬ್, ಚಿತ್ರಗಳು ಜಾಂ-ಮಾರ್ಕ್ ರೊಶೆತ್ ಅವರವು. ಅದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1982ರಲ್ಲಿ, ಪುಸ್ತಕವಾದದ್ದು 1984ರಲ್ಲಿ. ಆರ್ನೋ ಅವರ ಮೊದಲ ಸಂಪುಟ 1980ರದು. ಇಷ್ಟನ್ನೇ ನೋಡಿದರೆ ಲೋಬ್ ಅವರೇ ಆರ್ನೋ ಅವರಿಂದ ತೆಗೆದುಕೊಂಡಂತೆ ಕಾಣುತ್ತದೆ. ಆದರೆ ಲೋಬ್ ಈ ಕಥೆಯನ್ನು ಮೊದಲು ಅಲೆಕ್ಸಿ ಎಂಬ ಚಿತ್ರಕಾರರೊಡನೆ ಆರಂಭಿಸಿದ್ದರು. ಅಲೆಕ್ಸಿ 1977ರಲ್ಲಿಯೇ ತೀರಿಕೊಂಡದ್ದರಿಂದ ಕೆಲಸ ಹಲವು ವರ್ಷ ನಿಂತುಹೋಗಿತ್ತು. ಹೀಗಾಗಿ ಇಬ್ಬರ ಕಲ್ಪನೆಯೂ ಬೇರೆಬೇರೆಯಾಗಿ ಮೊಳೆತದ್ದೆಂದು ತಿಳಿಯುವುದೇ ಸರಿ. ಅಲ್ಲದೆ ಎರಡೂ ಕೃತಿಗಳ ಗುರಿಯೇ ಬೇರೆ. ಲೋಬ್ ಅವರದು ಒಂದೇ ರೈಲು, ಅದರ ಹಿಂದಿನ ಬೋಗಿಯಿಂದ ಮುಂದಿನ ಬೋಗಿಯವರೆಗಿನ ಒಂದು ಮುಚ್ಚಿದ ಸಮಾಜ. ಆರ್ನೋ ಅವರದು ಲೆಕ್ಕವಿಲ್ಲದಷ್ಟು ರೈಲುಗಳು ಓಡಾಡುವ ಒಂದು ಇಡೀ ಗ್ರಹ, ಅದರ ವ್ಯಾಪಾರ, ಯುದ್ಧ, ಧರ್ಮ, ಕಾನೂನು.

ಇನ್ನು ಆರ್ನೋ ಅವರ ವಿಚಾರ. ಅವರ ಮೊದಲ ಕಾದಂಬರಿ 1952ರಲ್ಲಿ ಬಂದ ‘ನ ತಿರೆ ಪಾ ಸ್ಯುರ್ ಲಾಂಸ್ಪೆಕ್ತರ್’ (ಇನ್ಸ್‌ಪೆಕ್ಟರ್ ಮೇಲೆ ಗುಂಡು ಹಾರಿಸಬೇಡಿ). ಅದಕ್ಕೆ ಆ ವರ್ಷದ ‘ಕೆ ದೆಸ್ ಓರ್ಫೆವ್ರ್’ ಬಹುಮಾನ ಬಂತು. ಪ್ಯಾರಿಸ್ಸಿನ ಅಪರಾಧ ತನಿಖಾ ಪೊಲೀಸರ ಕೇಂದ್ರ ಕಚೇರಿಯಿದ್ದ ಬೀದಿಯ ಹೆಸರನ್ನೇ ಹೊತ್ತ ಈ ಬಹುಮಾನವನ್ನು ಅಪ್ರಕಟಿತ ಹಸ್ತಪ್ರತಿಗಳಿಗೆ ಕೊಡುವುದು ರೂಢಿ, ತೀರ್ಪುಗಾರರಲ್ಲಿ ಪೊಲೀಸ್ ಅಧಿಕಾರಿಗಳೂ ಇರುತ್ತಾರೆ. ಇಪ್ಪತ್ತನಾಲ್ಕರ ಹರೆಯದವನಿಗೆ ಇದು ಸಣ್ಣ ಪ್ರವೇಶವಲ್ಲ. ಆದರೆ ಆ ಪುಸ್ತಕದ ಮೇಲೆ ಅವರ ಸ್ವಂತ ಹೆಸರಿರಲಿಲ್ಲ. ಜಾರ್ಜ್ ಆರ್ನೋ ಎಂಬ ಹೆಸರಿನಲ್ಲಿ ಇನ್ನೊಬ್ಬರು, ನಿಜನಾಮ ಹೆನ್ರಿ ಜಿರಾರ್, 1950ರಲ್ಲಿಯೇ ಬರೆದ ಒಂದು ಸಾಹಸ ಕಾದಂಬರಿ ಭಾರಿ ಹೆಸರು ಮಾಡಿತ್ತು. ಆದ್ದರಿಂದ ನಮ್ಮ ಆರ್ನೋ ತಮ್ಮ ಹುಟ್ಟೂರಿನ ಹೆಸರನ್ನೇ ಇಟ್ಟುಕೊಂಡು ‘ಸಾಂ-ಜಿಲ್’ ಆದರು. ಮುಂದೆ ‘ಜಿ.-ಜೆ.’ ಎಂಬ ಎರಡು ಅಕ್ಷರಗಳನ್ನು ಅಂಟಿಸಿಕೊಂಡು ಸ್ವಂತ ಹೆಸರಿಗೆ ಮರಳಿದರೂ, ಅಷ್ಟರಲ್ಲಿ ಹೆಸರು ಬದಲಿಸುವುದು ಅಭ್ಯಾಸವೇ ಆಗಿತ್ತು: ಜಾರ್ಜ್ ಮ್ಯುರೆ, ಜಿನೋ ಅರ್ನೋಲ್ದಿ, ಡೇವಿಡ್ ಕೈನ್, ಊಗೊ ಸೊಲೆಂಜಾ ಮುಂತಾದವೆಲ್ಲ ಅವರೇ. ಒಂದು ವರ್ಷಕ್ಕೆ ಒಬ್ಬನೇ ಲೇಖಕನ ಎಷ್ಟು ಪುಸ್ತಕಗಳನ್ನು ಅಂಗಡಿಯಲ್ಲಿಟ್ಟರೆ ಓದುಗ ಬೇಸರಪಡುತ್ತಾನೆಂಬ ಲೆಕ್ಕ ಪ್ರಕಾಶಕರಲ್ಲಿತ್ತು. ಆ ಲೆಕ್ಕವನ್ನು ಮೀರಿ ಬರೆಯುವವನಿಗೆ ಇದ್ದ ದಾರಿ ಗುಪ್ತನಾಮವೊಂದೇ.

ಅವರ ಬರವಣಿಗೆಯ ಬಹುಭಾಗ ಪ್ರಕಟವಾದದ್ದು ‘ಫ್ಲವ್ ನ್ವಾರ್’ ಎಂಬ ಪ್ರಕಾಶನದಿಂದ. ಆರ್ಮಾಂ ದ ಕಾರೊ 1949ರಲ್ಲಿ ಆರಂಭಿಸಿದ ಈ ಸಂಸ್ಥೆಯ ರೀತಿನೀತಿ ತಿಳಿಯದೆ ಆರ್ನೋ ಅರ್ಥವಾಗುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಫ್ಲವ್ ನ್ವಾರ್ ಪುಸ್ತಕಗಳನ್ನು ಜನ ಕೊಳ್ಳುತ್ತಿದ್ದುದು ದೊಡ್ಡ ಪುಸ್ತಕದಂಗಡಿಗಳಿಗಿಂತ ಹೆಚ್ಚಾಗಿ ರೈಲು ನಿಲ್ದಾಣದ ಪತ್ರಿಕಾ ಮಳಿಗೆಗಳಲ್ಲಿ, ಸಿಗರೇಟು-ಪತ್ರಿಕೆಗಳ ಅಂಗಡಿಗಳಲ್ಲಿ. ಪ್ರತಿಯೊಂದು ಬಗೆಗೂ ಒಂದೊಂದು ಮಾಲಿಕೆ: ಪತ್ತೇದಾರಿಗೆ ‘ಸ್ಪೆಸ್ಯಾಲ್-ಪೊಲಿಸ್’, ಗೂಢಚಾರಿಕೆಗೆ ‘ಎಸ್ಪಿಯೊನಾಜ್’, ವೈಜ್ಞಾನಿಕ ಕಾದಂಬರಿಗೆ 1951ರಲ್ಲಿ ಆರಂಭವಾದ ‘ಆಂತಿಸಿಪಾಸಿಯಾಂ’. ತಿಂಗಳು ತಪ್ಪದೆ ಹೊಸ ಪುಸ್ತಕ ಬರಬೇಕು, ಸುಮಾರು ಇನ್ನೂರು ಪುಟದೊಳಗೆ ಕಥೆ ಮುಗಿಯಬೇಕು, ಮುಖಪುಟದ ಚಿತ್ರ ದೂರದಿಂದಲೇ ಕಣ್ಣಿಗೆ ಹೊಡೆಯಬೇಕು. ಪತ್ತೇದಾರಿ ಮಾಲಿಕೆಗೆ ಮಿಶೆಲ್ ಗೂರ್ದೋಂ ಬರೆದ ಚೆಲುವೆಯರ ಚಿತ್ರಗಳು, ಆಂತಿಸಿಪಾಸಿಯಾಂಗೆ ರೆನೆ ಬ್ರಾಂತೋನ್ ಬರೆದ ರಾಕೆಟ್ಟುಗಳೂ ವಿಚಿತ್ರ ಪ್ರಾಣಿಗಳೂ ಇಂದಿಗೂ ಫ್ರಾನ್ಸಿನ ಹಳೆಯ ಪುಸ್ತಕದ ಸಂತೆಗಳಲ್ಲಿ ಸಂಗ್ರಾಹಕರ ಕೈಗೆ ಮೊದಲು ಹೋಗುವ ವಸ್ತುಗಳು.

ಆಂತಿಸಿಪಾಸಿಯಾಂ ಮಾಲಿಕೆ 1997ರಲ್ಲಿ ನಿಲ್ಲುವ ಹೊತ್ತಿಗೆ ಅದರಲ್ಲಿ 2001 ಪುಸ್ತಕಗಳು ಬಂದಿದ್ದವು. ಮೊದಲ ಸಾವಿರಕ್ಕೆ ಇಪ್ಪತ್ತೊಂಬತ್ತು ವರ್ಷ ಬೇಕಾದರೆ ಎರಡನೆಯ ಸಾವಿರ ಹದಿನೇಳು ವರ್ಷಗಳಲ್ಲಿ ಮುಗಿಯಿತು. ಇಷ್ಟು ದೊಡ್ಡ ಬಾಯಿಗೆ ತುತ್ತು ಒದಗಿಸಲು ರಿಷಾರ್-ಬೆಸ್ಸಿಯೇರ್, ಜಿಮ್ಮಿ ಗಿಯು, ಮೋರಿಸ್ ಲಿಮಾ ಮೊದಲಾದವರು ದಶಕಗಟ್ಟಲೆ ಬರೆದರು. ಸ್ಟೆಫಾನ್ ವುಲ್ ಎಂಬ ಹೆಸರಿನಲ್ಲಿ ಬರೆದ ದಂತವೈದ್ಯ ಪಿಯೆರ್ ಪೆರೊ 1956ರಿಂದ 1959ರೊಳಗೆ ಹನ್ನೊಂದು ಕಾದಂಬರಿಗಳನ್ನು ಕೊಟ್ಟು, ಬಹುಕಾಲ ಮೌನವಾಗಿಬಿಟ್ಟರು. ವಿಮರ್ಶಕರು ಅವರನ್ನು ಬೇಗನೆ ಒಪ್ಪಿಕೊಂಡದ್ದಕ್ಕೆ ಆ ಮೌನವೂ ಒಂದು ಕಾರಣವಿರಬಹುದೆಂದು ನನಗೆ ಅನ್ನಿಸುವುದುಂಟು. ಕಡಿಮೆ ಬರೆದವನನ್ನು ಮೆಚ್ಚುವುದು ಸುಲಭ, ಅವನನ್ನು ಪೂರ್ತಿ ಓದಿ ಮುಗಿಸಬಹುದು.

ಆರ್ನೋ ಈ ಮಾಲಿಕೆಗೆ ಬಂದದ್ದು ತಡವಾಗಿ. ಅದಕ್ಕೆ ಮೊದಲು ಅವರು ದುಡಿದದ್ದು ಪತ್ತೇದಾರಿ ಮತ್ತು ಗೂಢಚಾರಿಕೆಯ ಗಾಣದಲ್ಲಿ. ಅವರ ಗೂಢಚಾರ ಸರಣಿಯ ನಾಯಕ ಕೊವಾಸ್ಕ್, ಅಮೆರಿಕದ ನೌಕಾಪಡೆಯ ಬೇಹುಗಾರ. ಶೀತಲ ಸಮರದ ಕಾಲದ ಈ ಜಾತಿಯ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಶತ್ರು ಯಾರೆಂಬುದು ಮೊದಲ ಪುಟದಲ್ಲಿಯೇ ನಿಶ್ಚಯವಾಗಿರುತ್ತದೆ. ಆರ್ನೋ ಅವರ ಕೊವಾಸ್ಕ್ ಮಾತ್ರ ವರ್ಷ ಕಳೆದಂತೆ ತನ್ನ ಕಡೆಯವರನ್ನೇ ಅನುಮಾನಿಸತೊಡಗುತ್ತಾನೆ: ಗುಪ್ತಚರ ಸಂಸ್ಥೆಗಳ ಅಕ್ರಮ, ಬಡ ದೇಶಗಳಲ್ಲಿ ದೊಡ್ಡ ಕಂಪನಿಗಳು ನಡೆಸುವ ಆಟ, ಸರ್ಕಾರಗಳನ್ನು ಉರುಳಿಸುವ ಹಣದ ಕೈವಾಡ. ಅವನ ಜೊತೆಗಾತಿಯಾಗಿ ಬರುವವಳು ‘ಮಮ್ಮಾ’ ಎಂದೇ ಕರೆಸಿಕೊಳ್ಳುವ ಸ್ಥೂಲಕಾಯದ ಮಧ್ಯವಯಸ್ಸಿನ ಹೆಂಗಸು. ಮುಖಪುಟದ ಚೆಲುವೆಯರಿಗೂ ಇವಳಿಗೂ ಯಾವ ಸಂಬಂಧವೂ ಇಲ್ಲ. ಪ್ರಕಾಶಕರು ಕೇಳಿದ್ದನ್ನು ಕೊಡುತ್ತಲೇ ತಮಗೆ ಬೇಕಾದುದನ್ನು ಒಳಗೆ ತುಂಬಿಸುವ ಈ ಚಾಳಿ ಅವರಲ್ಲಿ ಕೊನೆಯವರೆಗೂ ಉಳಿಯಿತು.

ಪತ್ತೇದಾರಿ ಮಾಲಿಕೆಯಲ್ಲಿಯೂ ಅಷ್ಟೇ. ಕೊಲೆಗಾರ ಯಾರೆಂದು ಹುಡುಕುವುದರಲ್ಲಿ ಅವರಿಗೆ ಬೇಗನೆ ಆಸಕ್ತಿ ತಗ್ಗಿತು. ಒಂಟಿ ಮನೆ, ಅದರೊಳಗೆ ಸಿಕ್ಕಿಬಿದ್ದ ಒಬ್ಬ ದುರ್ಬಲ ವ್ಯಕ್ತಿ, ಸುತ್ತಲಿನವರು ನಿಧಾನವಾಗಿ ಹಿಂಡುತ್ತಾ ಬರುವ ಭಯ ಅವರ ನೆಚ್ಚಿನ ವಸ್ತುವಾಯಿತು. ‘ಆಂಫಾಂತಾಸ್ಮ್’ ಎಂಬ ಅಂಥ ಕಾದಂಬರಿಗೆ 1977ರಲ್ಲಿ ಫ್ರೆಂಚ್ ಪತ್ತೇದಾರಿ ವಿಮರ್ಶಕರ ಬಹುಮಾನ ಬಂದಿತು. ಈ ಕಾದಂಬರಿಗಳನ್ನು ಓದಿದವರಿಗೆ, ಚಳಿಯಲ್ಲಿ ಬೋಗಿಯೊಳಗೆ ಬಂದಿಯಾದ ಮನುಕುಲದ ಕಲ್ಪನೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗುವುದಿಲ್ಲ.

ವೈಜ್ಞಾನಿಕ ಕಾದಂಬರಿಯಲ್ಲಿ ಅವರ ಮೊದಲ ಗಟ್ಟಿ ಪ್ರಯತ್ನ 1971ರಿಂದ 1973ರವರೆಗೆ ಬಂದ ಮೂರು ಕಾದಂಬರಿಗಳು: ‘ಲೆ ಕ್ರ್ವಾಜೆ ದ ಮಾರಾ’, ‘ಲೆ ಮೊನಾರ್ಕ್ ದ ಬಿ’, ‘ಲಾಜಾರೆ 3’. ಭೂಮಿಯಿಂದ ಬಹುಕಾಲ ಸಂಪರ್ಕ ಕಡಿದುಹೋದ ವಸಾಹತುಗಳ ಕಥೆ ಇವು. ಓದಬಹುದಾದವು, ಅದಕ್ಕಿಂತ ಹೆಚ್ಚೇನನ್ನೂ ಹೇಳಲಾರೆ. ಆಮೇಲೆ ಏಳು ವರ್ಷ ಕಳೆದು, 1980ರಲ್ಲಿ, ಆಂತಿಸಿಪಾಸಿಯಾಂ ಮಾಲಿಕೆಯ 997ನೆಯ ಪುಸ್ತಕವಾಗಿ ‘ಲ ಕೊಂಪಾನ್ಯಿ ದೆ ಗ್ಲಾಸ್’ ಹೊರಬಂತು. ಆಗ ಅವರಿಗೆ ಐವತ್ತೆರಡು ವರ್ಷ. ಬರಹಗಾರನೊಬ್ಬನ ಅತಿ ದೊಡ್ಡ ಕೆಲಸ ಇಪ್ಪತ್ತೆಂಟು ವರ್ಷಗಳ ಕೂಲಿ ಬರವಣಿಗೆಯ ನಂತರ ಆರಂಭವಾದದ್ದನ್ನು ನೆನಪಿನಲ್ಲಿಡಿ. ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರವೆಲ್ಲ ಅದರ ಮೇಲೆ ನಿಂತಿದೆ.

ಕಥೆಯ ಹಿನ್ನೆಲೆ ಹೀಗಿದೆ. ಪರಮಾಣು ತ್ಯಾಜ್ಯದ ತಿಪ್ಪೆಯನ್ನಾಗಿ ಬಳಸಿದ ಚಂದ್ರ ಸಿಡಿದುಹೋಗುತ್ತದೆ. ಅದರ ಧೂಳು ಭೂಮಿಯನ್ನು ಮುಸುಕಿ ಸೂರ್ಯನನ್ನು ಮರೆಮಾಡುತ್ತದೆ. ನದಿ, ಕಡಲು, ಊರು ಎಲ್ಲವೂ ಹಿಮದಡಿಯಾಗುತ್ತವೆ. ಫ್ರಾನ್ಸ್ ಸರ್ಕಾರ 1974ರಲ್ಲಿ ಭಾರಿ ಪ್ರಮಾಣದ ಪರಮಾಣು ವಿದ್ಯುತ್ ಯೋಜನೆಯನ್ನು ಕೈಗೆತ್ತಿಕೊಂಡು, ತ್ಯಾಜ್ಯವನ್ನು ಎಲ್ಲಿಡುವುದೆಂಬ ಜಗಳ ಬೀದಿಗೆ ಬಂದಿದ್ದ ಕಾಲದ ಓದುಗರಿಗೆ ಈ ಕಲ್ಪನೆ ದೂರದ್ದಾಗಿರಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಇದನ್ನು ಪರೀಕ್ಷಿಸಲು ಹೊರಟರೆ ಹತ್ತು ಆಕ್ಷೇಪಗಳು ಏಳುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಆರ್ನೋ ಅವರ ಲಕ್ಷ್ಯವೆಲ್ಲ ಇರುವುದು ಅನಂತರದ ಪ್ರಶ್ನೆಯಲ್ಲಿ: ಚಳಿ ಬಂದ ಮೇಲೆ ಶಾಖ ಯಾರ ಕೈಯಲ್ಲಿರುತ್ತದೆ?

ಅವರ ಉತ್ತರ ರೈಲ್ವೆ ಕಂಪನಿಗಳು. ಸರ್ಕಾರಗಳು ಕುಸಿದ ಮೇಲೆ ಹಿಮದ ಮೇಲೆ ಹಳಿ ಹಾಸಿ ಓಡಾಡಬಲ್ಲವರು ಅವರೊಬ್ಬರೇ. ಜನ ಬೋಗಿಗಳಲ್ಲಿ ಹುಟ್ಟಿ ಬೋಗಿಗಳಲ್ಲಿ ಸಾಯುತ್ತಾರೆ. ಊರೆಂದರೆ ಗುಮ್ಮಟದಡಿ ಹಳಿಗಳ ಮೇಲೆ ನಿಂತ ರೈಲುಗಳ ಗುಂಪು. ಟ್ರಾನ್ಸ್‌ಯುರೋಪಿಯನ್, ಸೈಬೀರಿಯನ್, ಪ್ಯಾನ್‌ಅಮೆರಿಕನ್, ಆಫ್ರಿಕಾನಿಯಾ, ಆಸ್ಟ್ರಲೇಷಿಯನ್ ಎಂಬ ದೊಡ್ಡ ಕಂಪನಿಗಳು ಭೂಗೋಳವನ್ನು ಹಂಚಿಕೊಂಡಿವೆ. ನ್ಯೂಯಾರ್ಕ್ ಸ್ಟೇಷನ್ನಿನಲ್ಲಿ ಅವು ಮಾಡಿಕೊಂಡ ಒಪ್ಪಂದದ ಮುಖ್ಯ ಕಲಮು ಒಂದೇ: ಹಳಿಯ ಹೊರತು ಬೇರೆ ಯಾವ ಸಾರಿಗೆಯೂ ಇರಕೂಡದು. ಹಿಮದ ಮೇಲೆ ಜಾರುವ ಬಂಡಿ ಮಾಡಿದವನು, ಹಾರುವ ಯಂತ್ರದ ಕನಸು ಕಂಡವನು ಅಪರಾಧಿ. ತೂಬಿನ ಕೀಲಿ ಯಾರ ಸೊಂಟದಲ್ಲಿದೆಯೋ ಅವರೇ ಊರಿನ ಧಣಿಗಳಾಗುವ ಹಾಗೆ, ಇಲ್ಲಿ ಹಳಿಯ ಒಡೆಯನೇ ಜೀವದ ಒಡೆಯ, ಏಕೆಂದರೆ ಹಳಿಯ ಜೊತೆಯಲ್ಲಿಯೇ ವಿದ್ಯುತ್ತೂ ಶಾಖವೂ ಹರಿದು ಬರುತ್ತವೆ. ಯಾರ ಬೋಗಿ ಎಷ್ಟು ಡಿಗ್ರಿ ಬೆಚ್ಚಗಿರಬೇಕೆಂಬುದನ್ನು ಅವರ ಅಂತಸ್ತು ನಿರ್ಧರಿಸುತ್ತದೆ.

ವಿವರಗಳಲ್ಲಿ ಆರ್ನೋ ಅವರ ಕೈ ಎಷ್ಟು ಪಳಗಿದ್ದೆಂಬುದಕ್ಕೆ ಯುದ್ಧದ ಪ್ರಸಂಗಗಳನ್ನು ನೋಡಬೇಕು. ಕಡಲುಗಳು ಹೆಪ್ಪುಗಟ್ಟಿದ ಲೋಕದಲ್ಲಿ ನೌಕಾಪಡೆ ಹಳಿಯ ಮೇಲೆ ಬಂದಿದೆ. ಕ್ರೂಸರ್, ಡೆಸ್ಟ್ರಾಯರ್ ಎಂಬ ಹೆಸರುಗಳೇ ಉಳಿದಿವೆ, ಆದರೆ ಅವು ಹತ್ತಾರು ಹಳಿಗಳನ್ನು ಒಟ್ಟಿಗೆ ಆಕ್ರಮಿಸಿಕೊಂಡು ಚಲಿಸುವ ಉಕ್ಕಿನ ಕೋಟೆಗಳು. ಅಡ್ಮಿರಲ್‌ಗಳು ಹಿಮದ ಬಯಲಿನಲ್ಲಿ ಪಡೆ ನಡೆಸುತ್ತಾರೆ. ಟ್ರಾನ್ಸ್‌ಯುರೋಪಿಯನ್ ಮತ್ತು ಸೈಬೀರಿಯನ್ ಕಂಪನಿಗಳ ನಡುವಿನ ಯುದ್ಧ ಯಾವಾಗ ಆರಂಭವಾಯಿತೆಂದು ಸಾಮಾನ್ಯರಿಗೆ ನೆನಪಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಅದು ಮುಗಿದರೆ ಪಡಿತರವನ್ನೂ ಶಿಸ್ತನ್ನೂ ಸಮರ್ಥಿಸಲು ಕಂಪನಿಗೆ ಬೇರೆ ನೆಪ ಹುಡುಕಬೇಕಾಗುತ್ತದೆ. ಗೂಢಚಾರ ಕಾದಂಬರಿಗಳಲ್ಲಿ ಶೀತಲ ಸಮರವನ್ನು ವರ್ಷಗಟ್ಟಲೆ ಬರೆದ ಕೈಗೆ ಇದು ಸಹಜವಾಗಿ ಬಂದ ವಿದ್ಯೆ.

ಇಡೀ ಸರಣಿಯ ಹೃದಯವಿರುವುದು ‘ರೂ’ ಎಂಬ ಜನರಲ್ಲಿ. ಇವರು ಮೈತುಂಬ ಕೆಂಗೂದಲು ಬೆಳೆದ, ಮನುಷ್ಯರೇ ಆದ, ಆದರೆ ಹೊರಗಿನ ಕಡುಚಳಿಯಲ್ಲಿ ಬರಿಮೈಯಲ್ಲಿ ಬದುಕಬಲ್ಲ ಜನ. ಬೆಚ್ಚನೆಯ ಗುಮ್ಮಟದೊಳಗೆ ಬಂದರೆ ಅವರಿಗೆ ಉಸಿರಾಡಲಾಗುವುದಿಲ್ಲ. ಒಳಗಿನವರು ಹೊರಗೆ ಹೋದರೆ ಸಾಯುತ್ತಾರೆ. ಗುಮ್ಮಟಗಳ ಮೇಲೆ ಹಿಮ ಕಟ್ಟಿಕೊಂಡರೆ ಭಾರಕ್ಕೆ ಕುಸಿಯುತ್ತವೆಯಾದ್ದರಿಂದ ಅದನ್ನು ಕೆರೆದು ತೆಗೆಯುವ ಕೆಲಸ ರೂಗಳದು. ಕೂಲಿಯೆಂದರೆ ಊರಿನವರು ಹೊರಗೆಸೆಯುವ ಎಂಜಲು, ಕಸದ ಪಾಲು. ಗುಮ್ಮಟದಡಿ ನಡೆದುಹೋಗುವ ನಾಗರಿಕನು ತಲೆಯೆತ್ತಿದರೆ ಪಾರದರ್ಶಕ ಛಾವಣಿಯ ಆಚೆ ಬೆತ್ತಲೆ ದೇಹಗಳು ಮಂಡಿಯೂರಿ ಹಿಮ ಕೆರೆಯುತ್ತಿರುವುದು ಕಾಣುತ್ತದೆ; ಆದ್ದರಿಂದ ಅವನು ತಲೆಯೆತ್ತುವುದಿಲ್ಲ. ತಮ್ಮ ಬದುಕನ್ನು ಸ್ವಚ್ಛವಾಗಿಡುವವರನ್ನೇ ಮನುಷ್ಯರೆಂದು ಎಣಿಸದ ಸಮಾಜವನ್ನು ಈ ಒಂದು ಚಿತ್ರದಲ್ಲಿ ಆರ್ನೋ ಹಿಡಿದಿದ್ದಾರೆ, ಮತ್ತು ಅದನ್ನು ಹೇಳಲು ಒಂದೇ ಒಂದು ಉಪದೇಶದ ವಾಕ್ಯವನ್ನೂ ಖರ್ಚು ಮಾಡಿಲ್ಲ. ಭಾರತದ ಓದುಗರು ಈ ಪುಟಗಳನ್ನು ಫ್ರೆಂಚರಿಗಿಂತ ಬೇರೆಯಾಗಿಯೇ ಓದಿಯಾರು.

ಕಥಾನಾಯಕ ಲಿಯೆನ್ ರಾಗ್ ಟ್ರಾನ್ಸ್‌ಯುರೋಪಿಯನ್ ಕಂಪನಿಯ ನೌಕರಿಯಲ್ಲಿರುವ ಹಿಮವಿಜ್ಞಾನಿ. ಈ ರೂಗಳು ಎಲ್ಲಿಂದ ಬಂದರೆಂಬ ಪ್ರಶ್ನೆಯನ್ನು ಕೇಳುವುದೇ ಅಪಾಯವೆಂದು ತಿಳಿಯದೆ ಅವನು ಕೇಳುತ್ತಾನೆ, ಜ್ದ್ರೂ ಎಂಬ ರೂ ಹೆಣ್ಣಿನ ಮೋಹಕ್ಕೆ ಬೀಳುತ್ತಾನೆ. ಅವರಿಗೆ ಹುಟ್ಟುವ ಜ್ದ್ರಿಯೆನ್ ಎಂಬ ಮಗು ಎರಡೂ ಲೋಕಗಳಿಗೆ ಸೇರಿದವನು. ಪ್ರಶ್ನೆಗೆ ಉತ್ತರ ಏನೆಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ, ಹತ್ತಾರು ಸಂಪುಟಗಳನ್ನು ಎಳೆಯುವ ದಾರ ಅದೊಂದೇ. ಆದರೆ ರಾಗ್ ಒಬ್ಬನನ್ನೇ ನೆಚ್ಚಿಕೊಂಡು ಆರ್ನೋ ಕೂರುವುದಿಲ್ಲ. ಊರಿಂದೂರಿಗೆ ಹೋಗುವ ‘ಮಿಕಿ’ ಎಂಬ ಮನರಂಜನಾ ತಂಡದ ನಟಿ ಯೂಜ್, ಅದೇ ತಂಡದಲ್ಲಿ ಜನರನ್ನು ನಗಿಸುತ್ತಿದ್ದ ‘ಕಿಡ್’ ಎಂಬ ಕುಬ್ಜ, ದೈತ್ಯ ಎಂಜಿನ್ನಿನೊಡನೆ ಕಂಪನಿಗಳ ಹಳಿಗಳ ಮೇಲೆಯೇ ದರೋಡೆ ಮಾಡುತ್ತಾ ತಿರುಗುವ ಕುರ್ಟ್ಸ್, ಪ್ಯಾನ್‌ಅಮೆರಿಕನ್ ಕಂಪನಿಯ ಷೇರುಗಳ ಬಲದಿಂದ ಒಂದು ಖಂಡವನ್ನೇ ಆಳುವ ಲೇಡಿ ಡಯಾನಾ, ಸೂರ್ಯನನ್ನು ಮರಳಿ ತರಬೇಕೆಂದು ಗುಟ್ಟಾಗಿ ದುಡಿಯುವ ಪಂಥದವರು, ಇವೆಲ್ಲದರ ನಡುವೆ ತನ್ನ ಲಾಭ ನೋಡಿಕೊಳ್ಳುವ ನವ-ಕ್ಯಾಥೊಲಿಕ್ ಚರ್ಚು, ಹೀಗೆ ಪಾತ್ರಗಳ ಸಂತೆ ಸೇರುತ್ತದೆ.

ಕಿಡ್‌ನ ಕಥೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ರಂಗದ ಮೇಲೆ ಅವಮಾನಪಡುವುದೇ ಹೊಟ್ಟೆಪಾಡಾಗಿದ್ದ ಕುಬ್ಜನೊಬ್ಬ ಯಾರಿಗೂ ಬೇಡವಾದ ಪೆಸಿಫಿಕ್ ಸಾಗರದ ಹಿಮದ ಹಾಸಿನ ಮೇಲೆ ಸ್ವಂತ ಕಂಪನಿ ಕಟ್ಟುತ್ತಾನೆ. ಹಳಿಯನ್ನು ಎಲ್ಲಿಂದ ತರುವುದು, ಸಾಲ ಯಾರು ಕೊಡುತ್ತಾರೆ, ಸೀಲ್ ಮತ್ತು ತಿಮಿಂಗಿಲಗಳ ಎಣ್ಣೆಯನ್ನು ಯಾರಿಗೆ ಮಾರುವುದು, ಕಡಲ ಮೇಲಿನ ಹಿಮ ಎಷ್ಟು ಭಾರ ತಡೆಯುತ್ತದೆ ಎಂಬ ವಿಚಾರಗಳು ಕಥೆಯನ್ನು ನಿಲ್ಲಿಸದೆ ಕಥೆಯೇ ಆಗುತ್ತವೆ. ಮೊದಮೊದಲು ಅವನ ಕಂಪನಿಯಲ್ಲಿ ನೊಂದವರಿಗೆ ಜಾಗವಿದೆ, ನಿಯಮಗಳು ಸಡಿಲವಾಗಿವೆ. ಮುಂದೆ ಕಂಪನಿ ಬೆಳೆದಂತೆ ಅವನೂ ಇತರ ಕಂಪನಿಗಳ ಮುಖ್ಯಸ್ಥರು ಆಡುವ ಮಾತುಗಳನ್ನೇ ಆಡತೊಡಗುತ್ತಾನೆ. ಈ ಬದಲಾವಣೆ ಒಂದು ಪುಸ್ತಕದೊಳಗೆ ನಡೆದಿದ್ದರೆ ನೀತಿಕಥೆಯಾಗುತ್ತಿತ್ತು. ಅದು ವರ್ಷಗಳ ಕಾಲ, ಓದುಗನ ಕಣ್ಣೆದುರೇ, ಒಂದೊಂದು ಸಣ್ಣ ರಾಜಿಯಾಗಿ ನಡೆಯುತ್ತದೆ.

ಇಲ್ಲಿಯೇ ನಿಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಇಷ್ಟೊಂದು ಬರೆದರೂ ಆರ್ನೋ ಒಳ್ಳೆಯ ಲೇಖಕರೆಂದು ಅವರ ಅಭಿಮಾನಿಗಳು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಈ ಸರಣಿಯ ಮಟ್ಟಿಗೆ, ಅವರ ಹಿರಿಮೆ ಬಂದಿರುವುದೇ ಆ ಪ್ರಮಾಣದಿಂದ. 1980ರಿಂದ 1992ರವರೆಗೆ ಮೂಲ ಸರಣಿಯ 62 ಸಂಪುಟಗಳು ಬಂದವು, ಅಂದರೆ ವರ್ಷಕ್ಕೆ ಸುಮಾರು ಐದು. ಇದರೊಡನೆ ಇತರ ಕಾದಂಬರಿಗಳೂ ಬರುತ್ತಿದ್ದವು. ಈ ವೇಗದಲ್ಲಿ ಬರೆಯುವವನು ವಾಕ್ಯವನ್ನು ತಿದ್ದಿ ತೀಡಲಾರ. ಆರ್ನೋ ಅವರ ಗದ್ಯದಲ್ಲಿ ನೆನಪಿಟ್ಟುಕೊಳ್ಳುವಂಥ ವಾಕ್ಯಗಳನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಆದರೆ ಒಂದು ಲೋಕದ ಹಣಕಾಸು, ಇಂಧನ, ಆಹಾರ, ಕಾನೂನು, ವದಂತಿ, ಮೂಢನಂಬಿಕೆಗಳು ಒಂದನ್ನೊಂದು ಹೇಗೆ ತಳ್ಳುತ್ತವೆಂಬುದನ್ನು ತೋರಿಸಲು ಮುನ್ನೂರು ಪುಟ ಸಾಲದು. ಐದನೆಯ ಸಂಪುಟದಲ್ಲಿ ಒಂದು ಕಂಪನಿ ತೆಗೆದುಕೊಂಡ ತೀರ್ಮಾನದ ಬೆಲೆಯನ್ನು ಇಪ್ಪತ್ತನೆಯ ಸಂಪುಟದಲ್ಲಿ ಇನ್ನೊಂದು ಖಂಡದ ಹಸಿದ ಜನ ಕೊಡುವುದನ್ನು ಕಾಣಬೇಕಾದರೆ ಆ ಇಪ್ಪತ್ತು ಸಂಪುಟಗಳೂ ಇರಬೇಕು. ಪಾತ್ರಗಳಿಗೆ ನಿಜವಾಗಿಯೇ ವಯಸ್ಸಾಗುತ್ತದೆ. ಮಗುವಾಗಿ ಬಂದ ಜ್ದ್ರಿಯೆನ್ ದೊಡ್ಡವನಾಗುತ್ತಾನೆ. ಪತ್ತೇದಾರಿಯಿಂದ ಪ್ರತಿ ಅಧ್ಯಾಯವನ್ನೂ ಒಂದು ಕೊಕ್ಕೆಯ ಮೇಲೆ ನಿಲ್ಲಿಸುವುದನ್ನು, ಗೂಢಚಾರಿಕೆಯಿಂದ ಅಧಿಕಾರದ ಒಳಮನೆಯನ್ನು ಬರೆಯುವುದನ್ನು, ರೋಚಕ ಕಥೆಗಳಿಂದ ಇಕ್ಕಟ್ಟಾದ ಕೋಣೆಯ ಭಯವನ್ನು ಅವರು ಮೊದಲೇ ಕಲಿತಿದ್ದರು. ಆ ತಾಲೀಮು ಇಲ್ಲದ, ಹೆಚ್ಚು ಸಂಸ್ಕಾರವಂತ ಲೇಖಕನೊಬ್ಬ ಈ ಕಲ್ಪನೆಯನ್ನು ಹಿಡಿದಿದ್ದರೆ ಒಂದು ಒಳ್ಳೆಯ ಕಾದಂಬರಿ ಬರೆದು ಸುಮ್ಮನಾಗುತ್ತಿದ್ದನೇನೋ.

ದೋಷಗಳನ್ನೂ ಹೇಳಬೇಕು, ಇಲ್ಲದಿದ್ದರೆ ನೀವು ಓದಲು ಕುಳಿತಾಗ ನನ್ನನ್ನು ಶಪಿಸುತ್ತೀರಿ. ಪ್ರತಿ ಪುಸ್ತಕವನ್ನೂ ಹೊಸದಾಗಿ ಕೈಗೆತ್ತಿಕೊಳ್ಳುವ ಓದುಗನೊಬ್ಬ ಇದ್ದೇ ಇರುತ್ತಾನೆಂಬ ಕಾರಣಕ್ಕೆ ಹಿಂದಿನ ಕಥೆಯನ್ನು ಪುನಃ ಪುನಃ ಹೇಳುವುದುಂಟು. ಸಾಲಾಗಿ ಓದುವವನಿಗೆ ಇದು ತಲೆನೋವು. ಶೃಂಗಾರದ ಸನ್ನಿವೇಶಗಳು ಕಥೆಗೆ ಬೇಕಾಗಿ ಬಂದದ್ದಕ್ಕಿಂತ ಮಾಲಿಕೆಯ ರೂಢಿಗೆ ಬೇಕಾಗಿ ಬಂದದ್ದೇ ಹೆಚ್ಚು, ಮತ್ತು ಹೆಂಗಸರ ಚಿತ್ರಣ ಹಲವೆಡೆ ಆ ಕಾಲದ ಗಂಡಸರ ಕಣ್ಣಿನದೇ ಆಗಿದೆ. ಯೂಜ್ ಈ ಮಾತಿಗೆ ಅಪವಾದ: ನಟಿಯಾಗಿ ಪ್ರವೇಶಿಸಿದವಳು ರಾಜಕಾರಣದ ಕೇಂದ್ರಕ್ಕೆ ಬರುವ ಬಗೆ ಗಂಭೀರವಾಗಿದೆ. ಸಂಪುಟಗಳ ಸಂಖ್ಯೆ ಏರಿದಂತೆ ಅದ್ಭುತಗಳೂ ಏರುತ್ತವೆ. ತಿಮಿಂಗಿಲಗಳ ಒಡಲಿನಲ್ಲಿ ಅವುಗಳೊಡನೆ ಒಂದಾಗಿ ಬದುಕುವ ‘ಜೋನಾ ಮನುಷ್ಯರು’ ಬರುವಲ್ಲಿ ಆರಂಭದ ಒರಟು ವಾಸ್ತವತೆ ಸಡಿಲವಾಗುತ್ತದೆ. ಕೆಲವರಿಗೆ ಇದೇ ಇಷ್ಟ. ನನಗೆ ಹಳಿ, ಕಲ್ಲಿದ್ದಲು, ಪಡಿತರ ಚೀಟಿಗಳ ಲೋಕವೇ ಸಾಕಾಗಿತ್ತು.

ವಿಮರ್ಶಕರ ವಿಷಯ ನೀವು ಊಹಿಸಿದಂತೆಯೇ ಇತ್ತು, ಆದರೆ ಕೊನೆಯವರೆಗೂ ಅಲ್ಲ. ಎಪ್ಪತ್ತರ ದಶಕದ ಫ್ರಾನ್ಸಿನಲ್ಲಿ ಗೌರವಾನ್ವಿತ ವೈಜ್ಞಾನಿಕ ಸಾಹಿತ್ಯವೆಂದರೆ ದೆನೊಯೆಲ್ ಸಂಸ್ಥೆಯ ‘ಪ್ರೆಸಾಂಸ್ ದ್ಯು ಫ್ಯುತ್ಯುರ್’, ಲಾಫೋಂ ಸಂಸ್ಥೆಗೆ ಜೆರಾರ್ ಕ್ಲೈನ್ 1969ರಿಂದ ಸಂಪಾದಿಸಿದ ‘ಅಯ್ಯೂರ್ ಎ ದಮ್ಯಾಂ’ ಎಂಬ ಮಾಲಿಕೆಗಳು. ಫ್ಲವ್ ನ್ವಾರ್ ಎಂದರೆ ಮೂಗು ಮುರಿಯುವುದು ವಾಡಿಕೆ. ಆ ಕ್ಲೈನ್ ಅವರೇ ಹಿಂದೆ ಜಿಲ್ ದಾರ್ಜಿರ್ ಎಂಬ ಗುಪ್ತನಾಮದಲ್ಲಿ ಫ್ಲವ್ ನ್ವಾರ್‌ಗೆ ಬರೆದಿದ್ದರೆಂಬುದು ಈ ಸಂದರ್ಭದಲ್ಲಿ ಸ್ವಾರಸ್ಯದ ಸಂಗತಿ. ಮನುಷ್ಯ ಚಂದ್ರನ ಮೇಲೆ ಇಳಿದ ನೆನಪಿಗೆ 1972ರಲ್ಲಿ ಆರಂಭವಾದ ಅಪೊಲೊ ಬಹುಮಾನ ಬಹುತೇಕ ಇಂಗ್ಲಿಷಿನಿಂದ ಅನುವಾದವಾದ ಕೃತಿಗಳಿಗೇ ಹೋಗುತ್ತಿತ್ತು. 1988ರಲ್ಲಿ ಅದು ‘ಲ ಕೊಂಪಾನ್ಯಿ ದೆ ಗ್ಲಾಸ್’ ಸರಣಿಗೆ ಬಂತು. ರೈಲು ನಿಲ್ದಾಣದ ಮಳಿಗೆಯಲ್ಲಿ ಮಾರಾಟವಾಗುವ ಪುಸ್ತಕಕ್ಕೆ, ಅದೂ ಇನ್ನೂ ಮುಗಿಯದ ಸರಣಿಗೆ, ಇಂಥ ಮನ್ನಣೆ ಸಿಕ್ಕಿದ್ದು ಅಪರೂಪ. ಪ್ರಕಾಶಕರೂ ಈ ಸರಣಿಗೆ ಅದರದೇ ಆದ ಪ್ರತ್ಯೇಕ ಮಾಲಿಕೆಯನ್ನು ತೆರೆದುಕೊಟ್ಟರು.

1992ರಲ್ಲಿ 62ನೆಯ ಸಂಪುಟದೊಂದಿಗೆ ಮೂಲ ಸರಣಿ ಮುಗಿದರೂ ಲೇಖಕರು ಆ ಲೋಕದಿಂದ ಹೊರಬರಲಿಲ್ಲ. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಮೂಲ ಕಥೆಗಿಂತ ಹಿಂದಿನ ಕಾಲವನ್ನು ಹೇಳುವ ‘ಹಿಮಯುಗದ ವೃತ್ತಾಂತಗಳು’ ಬಂದವು. 2001ರಿಂದ 2005ರವರೆಗೆ ‘ಹೊಸ ಕಾಲ’ ಎಂಬ ಮುಂದುವರಿಕೆ ಬಂತು. ಎಪ್ಪತ್ತೇಳನೆಯ ವಯಸ್ಸಿನಲ್ಲಿಯೂ ಅವರು ರೈಲು ಓಡಿಸುತ್ತಲೇ ಇದ್ದರು. ಆದರೆ ಮುಂದುವರಿಕೆಯಲ್ಲಿ ಮೊದಲಿನ ಒತ್ತಡವಿಲ್ಲವೆಂಬುದು ನನ್ನ ಅಭಿಪ್ರಾಯ, ಅಷ್ಟಕ್ಕೆ ಬಿಡುತ್ತೇನೆ. ಸರಣಿಯ ಪ್ರೇರಣೆಯಿಂದ 1993ರಲ್ಲಿ ಸಿಲ್ಮಾರಿಲ್ಸ್ ಎಂಬ ಫ್ರೆಂಚ್ ಸಂಸ್ಥೆ ‘ಟ್ರಾನ್ಸ್‌ಆರ್ಕ್ಟಿಕಾ’ ಎಂಬ ಕಂಪ್ಯೂಟರ್ ಆಟವನ್ನು ತಯಾರಿಸಿತು. 2003ರಿಂದ ದಾರ್ಗೋ ಪ್ರಕಾಶನ ಚಿತ್ರಕಥಾ ರೂಪವನ್ನು ಹೊರತಂದಿತು. ಮುಂದೆ ‘ಗ್ರಾಂಡ್ ಸ್ಟಾರ್’ ಎಂಬ ದೂರದರ್ಶನ ಧಾರಾವಾಹಿಯೂ ಬಂತು. ಧಾರಾವಾಹಿಯನ್ನು ನೋಡಿ ಕಾದಂಬರಿಯನ್ನು ಅಳೆಯಬೇಡಿ ಎಂಬುದಷ್ಟೇ ನನ್ನ ವಿನಂತಿ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಫ್ರೆಂಚ್ ಬರುವುದಾದರೆ ಮೊದಲ ಸಂಪುಟದಿಂದಲೇ, ಕ್ರಮ ತಪ್ಪಿಸದೆ. ಭಾಷೆ ಕಠಿಣವಲ್ಲ, ಎರಡು-ಮೂರು ವರ್ಷ ಫ್ರೆಂಚ್ ಕಲಿತವರು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಬಹುದು, ಕಲಿಯುವವರಿಗೆ ನಾನು ಇದನ್ನು ಶಿಫಾರಸು ಮಾಡುವುದೂ ಉಂಟು. ಮೊದಲ ಆರು ಸಂಪುಟಗಳು ಹೆಚ್ಚುಕಡಿಮೆ ಒಂದೇ ಕಥೆ, 1980 ಮತ್ತು 1981ರಲ್ಲಿ ಬೆನ್ನುಬೆನ್ನಿಗೆ ಬಂದವು. ಅಲ್ಲಿಗೆ ನಿಲ್ಲಿಸಿದರೂ ಅಡ್ಡಿಯಿಲ್ಲ. ಆದರೆ 1982ರ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಕಿಡ್‌ನ ಕಥೆ ಆರಂಭವಾಗುತ್ತದೆಯಾದ್ದರಿಂದ ಅಲ್ಲಿಯವರೆಗಾದರೂ ಹೋಗಿ. ಇಂಗ್ಲಿಷಿನಲ್ಲಿ ಮೊದಲ ಸಂಪುಟದ ಅನುವಾದ ಬಂದಿದೆ. ಅದರಿಂದ ಲೋಕದ ಪರಿಚಯವಾದೀತು, ಆದರೆ ನಾನು ಮೇಲೆ ಹೇಳಿದ ನಿಧಾನದ ಪರಿಣಾಮ ಒಂದು ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಅಷ್ಟು ದೀರ್ಘ ಸರಣಿಗೆ ಸಮಯವಿಲ್ಲವೆನ್ನುವವರು ‘ಆಂಫಾಂತಾಸ್ಮ್’ ಅನ್ನು ಓದಲಿ: ಚಿಕ್ಕದು, ಸ್ವತಂತ್ರವಾದದ್ದು, ಅವರ ಕಥನಕೌಶಲ ಎಷ್ಟರದೆಂಬುದು ಒಂದೆರಡು ಸಂಜೆಗಳಲ್ಲಿ ತಿಳಿದುಹೋಗುತ್ತದೆ.